ಸೈಕಲ್ಲಿನ ಮುಂದೊಂದು ಕ್ಯಾರಿಯರ್

"ಅಕ್ಕಾ, ನಿನ್ನ ಬ್ಯಾಗು ನನ್ನ ಮೂಗಿಗೆ ಹೊಡೀತೈತೆ!"

"ಸ್ವಲ್ಪ ಹಿಂದಕ್ಕೆ ಕೂತ್ಕೊಳೋ."

"ಇನ್ನೂ ಹಿಂದಕ್ಕೆ ಹೋದ್ರೆ ರೋಡ್ ಮೇಲೆ ಕೂರ್ಬೇಕು ಅಷ್ಟೇ!"

ಎದುರುಗಾಳಿ ಬೇರೆ. ಶೋಭಿತಾ ಎದ್ದು ನಿಂತು ಪೆಡಲ್ ತುಳಿದಳು. ಅವಳು ಎದ್ದಾಗ ಬೆನ್ನ ಮೇಲಿನ ಬ್ಯಾಗೂ ಎದ್ದು, ಅವಳು ಕೂತಾಗ ಬ್ಯಾಗೂ ಕೂತು, ಹಿಂದಿನ ಕ್ಯಾರಿಯರಿನಲ್ಲಿದ್ದ ತಮ್ಮ ಭೀಮನ ಮೂಗಿಗೆ ಮತ್ತೆ ಟಪ್ ಅಂತ ತಗುಲಿತು.

ಶೋಭಿತಾ ಆರನೇ ಕ್ಲಾಸು, ಭೀಮ ಎರಡನೇ ಕ್ಲಾಸು. ಶಾಲೆ ಇರೋದು ರಾಮನಾಥಪುರದ ಕಡೆ ಹೋಗುವ ದೊಡ್ಡ ರಸ್ತೆಯಲ್ಲಿ. ಮನೆಯಿಂದ ಅಲ್ಲಿಗೆ ಭೀಮನನ್ನು ಕೂರಿಸಿಕೊಂಡು ಹೋಗುವುದು ಅಕ್ಕನ ಕೆಲಸ. ಭೀಮನ ಬ್ಯಾಗೇನೋ ಚಿಕ್ಕದು. ಅಕ್ಕನ ಬ್ಯಾಗು ಮಾತ್ರ ಹೊಟ್ಟೆ ಉಬ್ಬಿಸಿಕೊಂಡಿತ್ತು. ಅದನ್ನು ಎದೆ ಮೇಲೆ ಹಾಕಿಕೊಂಡರೆ ಮಂಡಿಗೆ ಬಡಿಯುತ್ತಿತ್ತು. ಹ್ಯಾಂಡಲ್ಲಿಗೆ ನೇತುಹಾಕಿದರೆ ಚಕ್ರಕ್ಕೆ ಸಿಕ್ಕುತ್ತಿತ್ತು.

ಅವತ್ತು ಸಂಜೆ ಅಪ್ಪ ಚಲುವಯ್ಯ ಮನೆಗೆ ಬರುತ್ತಲೇ ಭೀಮ ಎದುರಿಗೆ ಹೋಗಿ ನಿಂತ.

"ಅಪ್ಪಾ, ನೋಡು. ಬ್ಯಾಗು ಬಡ್ದೂ ಬಡ್ದೂ ಮೂಗು ಚಪ್ಪಟೆ ಆಗೋಗ್ತಾ ಐತೆ."

ಅಪ್ಪ ಮೂಗನ್ನು ಅತ್ತ ಇತ್ತ ತಿರುಗಿಸಿ ನೋಡಿದ. "ಇದು ನಿಮ್ಮ ತಾತನ ಮೂಗು ಕಣ್ಲಾ. ಉಟ್ಟಿದಾಗ್ಲೇ ಇಂಗೇ ಇತ್ತು," ಅಂತ ನಕ್ಕ. ಆದರೆ ಭಾನುವಾರ ಸೈಕಲ್ಲು, ಬ್ಯಾಗು, ಮಕ್ಕಳು ಎಲ್ಲರನ್ನೂ ಕರೆದುಕೊಂಡು ಅರಕಲಗೂಡಿಗೆ ಹೊರಟ. ಅಲ್ಲಿ ನಟರಾಜಣ್ಣನ ಸೈಕಲ್ ಶಾಪ್ ಇತ್ತು.

ಶೋಭಿತಾಳ ಕಣ್ಣು ನೇರವಾಗಿ ಮೇಲೆ ನೇತುಹಾಕಿದ್ದ ಪಿಂಕ್ ಬಾಸ್ಕೆಟ್ ಮೇಲೆ ಬಿತ್ತು. ಮುಂದೆ ಬಿಳೀ ಹೂವು ಬೇರೆ. ಅವಳ ಫ್ರೆಂಡ್ ಧನ್ಯಾಳ ಸೈಕಲ್ಲಿನಲ್ಲಿ ಅಂಥದ್ದೇ ಇತ್ತು.

"ಅದು ಕೊಡಿ ಅಣ್ಣ!"

"ಬ್ಯಾಗ್ ಇಟ್ಟು ನೋಡಮ್ಮ ಮೊದ್ಲು," ಅಂದ ನಟರಾಜಣ್ಣ.

ಶೋಭಿತಾ ಬ್ಯಾಗನ್ನು ಬಾಸ್ಕೆಟ್ಟಿಗೆ ತುರುಕಿದಳು. ಅರ್ಧ ಇಳಿಯಿತು. ಇನ್ನರ್ಧ ಇಳಿಯಲೊಲ್ಲದು. ಪುಟ್ಟ ಮಗುವಿನ ಬಾಯಿಗೆ ದೊಡ್ಡ ಮುದ್ದೆ ತುರುಕಿದ ಹಾಗೆ ಕಾಣುತ್ತಿತ್ತು. ಎಳೆದರೆ ವಾಪಸ್ಸೂ ಬರಲಿಲ್ಲ. ಅಪ್ಪ ಬಾಸ್ಕೆಟ್ ಹಿಡಿದುಕೊಂಡು, ನಟರಾಜಣ್ಣ ಬ್ಯಾಗು ಹಿಡಿದುಕೊಂಡು ಜಗ್ಗಬೇಕಾಯಿತು. ಭೀಮನಿಗೆ ನಗು ತಡೆಯಲಾಗಲಿಲ್ಲ.

ಇನ್ನೊಂದು ದೊಡ್ಡ ತಂತಿ ಬಾಸ್ಕೆಟ್ ಇತ್ತು. ಅದನ್ನು ಹಾಕಿದರೆ ಬ್ರೇಕಿನ ವೈರು ಮಡಿಚಿಕೊಳ್ಳುತ್ತಿತ್ತು. ಕೊನೆಗೆ ನಟರಾಜಣ್ಣ ಒಳಗಿನಿಂದ ಒಂದು ಕಪ್ಪು ಕಬ್ಬಿಣದ ಕ್ಯಾರಿಯರ್ ತಂದ. ಚಿಕ್ಕದು, ಚಪ್ಪಟೆಯಾಗಿತ್ತು. ಕೆಳಗೆ ಎರಡು ಉದ್ದನೆಯ ಕಾಲು.

"ಇದೇನಣ್ಣ, ಗೆಣಸು ಸುಡೋ ತಂತಿ ಇದ್ದಂಗೈತೆ!" ಅಂದಳು ಶೋಭಿತಾ.

"ಇದ್ರ ಕಾಲು ಚಕ್ರದ ನಟ್ಟಿಗೇ ಕೂರ್ತದೆ. ಭಾರ ಹ್ಯಾಂಡಲ್ ಮೇಲೆ ನೇತಾಡಲ್ಲ. ಬ್ಯಾಗು ಮಲಗಿಸಿ ಕಟ್ಟಿದ್ರೆ ಮುಗೀತು."

"ನಿನ್ನ ಸೈಕಲ್ಲು. ನೀನೇ ಹೇಳು ಮಗ," ಅಂದ ಅಪ್ಪ.

ಶೋಭಿತಾ ಪಿಂಕ್ ಬಾಸ್ಕೆಟ್ಟನ್ನು ಇನ್ನೊಂದು ಸಲ ನೋಡಿದಳು. ಪಕ್ಕದಲ್ಲಿ ಭೀಮ ಅಂಗಡಿಯ ಕನ್ನಡಿಯಲ್ಲಿ ತನ್ನ ಮೂಗು ಒತ್ತಿ ನೋಡಿಕೊಳ್ಳುತ್ತಿದ್ದ.

"ಇದೇ ಹಾಕಿ," ಅಂದಳು, ಅರೆಮನಸ್ಸಿನಿಂದ.

ನಟರಾಜಣ್ಣ ನಟ್ಟು ಬಿಗಿದು, ಹಳೇ ಟ್ಯೂಬು ಕತ್ತರಿಸಿ ಕಟ್ಟಲು ಎರಡು ರಬ್ಬರ್ ಪಟ್ಟಿ ಕೊಟ್ಟ. "ಒಂದು ಬ್ಯಾಗು, ಅಷ್ಟೇ. ಮುಂದೆ ಜಾಸ್ತಿ ಭಾರ ಏರಿದ್ರೆ ಹ್ಯಾಂಡಲ್ಲು ನಿನ್ನ ಮಾತು ಕೇಳಲ್ಲ, ಗೊತ್ತಾಯ್ತಾ?"

ಮೊದಮೊದಲು ಸೈಕಲ್ಲು ಬೇರೆ ಯಾರದ್ದೋ ಅನ್ನಿಸುತ್ತಿತ್ತು. ತಿರುಗಿಸುವಾಗ ಹ್ಯಾಂಡಲ್ ಭಾರ. ಸ್ಟ್ಯಾಂಡ್ ಹಾಕಿ ನಿಲ್ಲಿಸಿದರೆ ಮುಂದಿನ ಚಕ್ರ ತಾನಾಗಿಯೇ ತಿರುಗಿ ಸೈಕಲ್ಲು ದಢಾರ್ ಅಂತ ಬೀಳುತ್ತಿತ್ತು. ಆಮೇಲೆ ಅವಳು ಬ್ಯಾಗು ಇಳಿಸಿಯೇ ಸ್ಟ್ಯಾಂಡ್ ಹಾಕುವುದನ್ನು ಕಲಿತಳು. ಭೀಮನಿಗಂತೂ ಖುಷಿ. ದಾರಿಯುದ್ದಕ್ಕೂ ಮಾತೇ ಮಾತು.

ಒಂದು ದಿನ ಧನ್ಯಾ ಹೇಳಿದಳು: "ನನ್ನ ಬಾಸ್ಕೆಟ್‌ನಲ್ಲಿ ಟಿಫನ್ ಬಾಕ್ಸ್ ಇಟ್ರೇ ಫುಲ್ ಕಣೆ. ನಿಂದ್ರಲ್ಲಿ ಏನ್ ಬೇಕಾದ್ರೂ ಇಡಬೋದು!"

ಆ ಮಾತು ಶೋಭಿತಾಳಿಗೆ ತುಂಬಾ ಹಿಡಿಸಿತು. ಅವತ್ತಿನಿಂದ ಕ್ಯಾರಿಯರ್ ಮೇಲೆ ಬ್ಯಾಗಿನ ಜೊತೆ ಒಮ್ಮೆ ಸೊಪ್ಪಿನ ಕಟ್ಟು, ಒಮ್ಮೆ ಇಡೀ ಕ್ಲಾಸಿನ ಡ್ರಾಯಿಂಗ್ ಬುಕ್ಕು ಕೂತವು. ಏನೂ ಆಗಲಿಲ್ಲ.

ಆ ವಾರ ಪ್ರೇಮಕುಮಾರಿ ಮಿಸ್ ಕ್ಲಾಸಿನಲ್ಲಿ, "ಬೊಂಬೆ ಮಾಡೋಕೆ ಜೇಡಿಮಣ್ಣು ಬೇಕು. ಯಾರ್ ತರ್ತೀರಾ?" ಅಂತ ಕೇಳಿದರು.

"ನಾನ್ ತರ್ತೀನಿ ಮಿಸ್! ಎಲ್ರಿಗೂ ಆಗೋಷ್ಟು!" ಶೋಭಿತಾ ಎದ್ದು ನಿಂತೇಬಿಟ್ಟಳು.

ಮಾರನೇ ಬೆಳಿಗ್ಗೆ ಕೆರೆ ಹತ್ತಿರ ಸೈಕಲ್ ನಿಲ್ಲಿಸಿ, ಗೊಬ್ಬರದ ಖಾಲಿ ಚೀಲಕ್ಕೆ ಹಸಿ ಮಣ್ಣು ತುಂಬಿದಳು. ಅದನ್ನು ಬ್ಯಾಗಿನ ಮೇಲೆ ಹೇರಿ ರಬ್ಬರ್ ಎಳೆದು ಕಟ್ಟುವಷ್ಟರಲ್ಲಿ ಬೆವರು ಕಿತ್ತುಕೊಂಡಿತು.

"ಅಕ್ಕಾ, ಒಂದೇ ಬ್ಯಾಗು ಅಂದಿದ್ರು ಅಂಗ್ಡಿ ಅಣ್ಣ."

"ಸುಮ್ನೆ ಹತ್ಕೊಳೋ. ಲೇಟಾಯ್ತು."

ಕೆರೆ ದಾಟಿದರೆ ಇಳಿಜಾರು. ಪಕ್ಕದಲ್ಲಿ ಹೊಗೆಸೊಪ್ಪು ಬೇಯಿಸುವ ಎತ್ತರದ ಮನೆ, ಬ್ಯಾರನ್ನು. ಅಲ್ಲಿಯವರೆಗೂ ಶೋಭಿತಾ ಹೇಗೋ ನಿಭಾಯಿಸಿದಳು. ಇಳಿಜಾರಿನಲ್ಲಿ ಚೀಲ ಸ್ವಲ್ಪ ಎಡಕ್ಕೆ ಜಾರಿತು. ಹ್ಯಾಂಡಲ್ಲೂ ಎಡಕ್ಕೆ ಹೊರಳಿತು. ಅವಳು ಬಲಕ್ಕೆಳೆದಳು, ಅದು ಕೇಳಲಿಲ್ಲ. ಗಾಬರಿಯಲ್ಲಿ ಬ್ರೇಕ್ ಹಿಡಿದಳು.

ಅಕ್ಕ ಒಂದು ಕಡೆ, ತಮ್ಮ ಒಂದು ಕಡೆ, ರಸ್ತೆ ತುಂಬ ಜೇಡಿಮಣ್ಣು.

ಭೀಮನ ಗದ್ದ ಸೀಳಿ ರಕ್ತ ಬರುತ್ತಿತ್ತು. ಮೊಣಕೈ ತರಚಿತ್ತು. ಶೋಭಿತಾ ಚೀಲವನ್ನು ಅಲ್ಲೇ ಬಿಟ್ಟು, ಸೈಕಲ್ಲು ತಳ್ಳುತ್ತಾ, ಅವನ ಕೈ ಹಿಡಿದುಕೊಂಡು ಮನೆಗೆ ಬಂದಳು.

"ಅಯ್ಯೋ, ಏನಾಯ್ತ್ರೋ!" ಅವ್ವ ಮಾಯಮ್ಮ ಓಡಿಬಂದಳು.

ಯೋಚನೆ ಮಾಡುವ ಮೊದಲೇ ಮಾತು ಶೋಭಿತಾಳ ಬಾಯಿಂದ ಹೊರಟುಬಿಟ್ಟಿತ್ತು. "ನಾಯಿ ಅಡ್ಡ ಬಂತವ್ವ."

"ಯಾವ್ ನಾಯಿ?"

"ಅದೇ... ಕಂದು ನಾಯಿ."

ಆ ಬೀದಿಯಲ್ಲಿ ಕಂದು ನಾಯಿ ಅಂತ ಇದ್ದದ್ದು ಒಂದೇ. ಎದುರುಮನೆ ಸಣ್ಣಕ್ಕಜ್ಜಿಯ ನಾಯಿ. ಬೆಲ್ಲದ ಬಣ್ಣ ಅಂತ ಅದರ ಹೆಸರೂ ಬೆಲ್ಲ. ದಿನಾ ಶಾಲೆ ಮಕ್ಕಳ ಹಿಂದೆ ಇಳಿಜಾರಿನವರೆಗೂ ಓಡಿಬರುತ್ತಿತ್ತು. ಅವತ್ತು ಮಾತ್ರ ಬಂದಿರಲಿಲ್ಲ. ಭೀಮ ಅಕ್ಕನ ಮುಖ ನೋಡಿದ.

ಅವ್ವ ಅವನ ಗದ್ದಕ್ಕೆ ಅರಿಸಿನ ಒತ್ತಿ, ನೇರ ಎದುರುಮನೆಗೆ ಹೋದಳು. ಬೀದಿಗೆಲ್ಲಾ ಕೇಳುವ ಹಾಗೆ ಜಗಳವಾಯಿತು. ಸಂಜೆ ನೋಡಿದರೆ ಅಜ್ಜಿ ಬೆಲ್ಲನ ಕುತ್ತಿಗೆಗೆ ಹಗ್ಗ ಬಿಗಿದು ಅಂಗಳದ ಸೀಬೆ ಮರಕ್ಕೆ ಕಟ್ಟಿದ್ದಳು. ರಾತ್ರಿಯೆಲ್ಲಾ ಅದು ಕುಂಯ್‌ಗುಟ್ಟುತ್ತಲೇ ಇತ್ತು.

ಮಾರನೇ ದಿನ ಶೋಭಿತಾ ಬ್ಯಾಗೊಂದನ್ನೇ ಕ್ಯಾರಿಯರಿಗೆ ಕಟ್ಟಿ ಬೆಲ್ ಮಾಡಿದಳು. ಭೀಮ ಹತ್ತಲಿಲ್ಲ.

"ನಾನು ನಡ್ಕಂಡೇ ಬತ್ತೀನಿ."

"ದೂರ ಕಣೋ!"

"ಬತ್ತೀನಿ."

ಅವನು ಮುಂದೆ ಮುಂದೆ ನಡೆದ. ಅವಳು ಹಿಂದೆ ಹಿಂದೆ ಸೈಕಲ್ ತಳ್ಳಿಕೊಂಡು ಹೋದಳು. ಶಾಲೆ ಮುಟ್ಟುವಷ್ಟರಲ್ಲಿ ಪ್ರೇಯರ್ ಮುಗಿದಿತ್ತು. ಆಮೇಲಿನ ದಿನವೂ ಹಾಗೇ ಆಯಿತು.

"ಮಗ ಎದ್ರಕಂಡೈತೆ ಕಣಮ್ಮಿ, ಬಲವಂತ ಮಾಡ್ಬೇಡ," ಅಂದಳು ಅವ್ವ.

ಶೋಭಿತಾ ಚಿಕ್ಕಿ ಕೊಟ್ಟು ನೋಡಿದಳು. ಭೀಮ ಚಿಕ್ಕಿ ತಿಂದ, ಸೈಕಲ್ ಹತ್ತಲಿಲ್ಲ. ಬೀದಿಯಲ್ಲಿ ಒಂದು ಸುತ್ತು ಹೊಡೆದು, "ನೋಡು, ಹ್ಯಾಂಡಲ್ಲು ಒಂಚೂರೂ ಅಲ್ಲಾಡಲ್ಲ" ಅಂತ ತೋರಿಸಿದಳು. ಅವನು ತಿರುಗಿಯೂ ನೋಡಲಿಲ್ಲ.

ಅವತ್ತು ಸಂಜೆ ಅವನು ಮನೆಯಲ್ಲಿರಲಿಲ್ಲ. ಹುಡುಕಿದರೆ ಸೀಬೆ ಮರದ ಕೆಳಗೆ ಬೆಲ್ಲನ ಪಕ್ಕ ಕೂತು ಬಿಸ್ಕತ್ತು ಮುರಿದು ತಿನ್ನಿಸುತ್ತಿದ್ದ. ಹಗ್ಗ ಉಜ್ಜಿ ಉಜ್ಜಿ ನಾಯಿಯ ಕುತ್ತಿಗೆಯ ಕೂದಲು ಉದುರಿತ್ತು.

ಶೋಭಿತಾ ಹತ್ತಿರ ಕೂತಳು. "ಭೀಮ, ನಾಳೆ ಬಾರೋ. ಇಳಿಜಾರಲ್ಲಿ ನಿಧಾನಕ್ಕೆ ಬಿಡ್ತೀನಿ."

ಭೀಮ ನಾಯಿಯನ್ನೇ ನೋಡುತ್ತಾ ಹೇಳಿದ: "ಅವತ್ತು ಬೆಲ್ಲ ಬಂದೇ ಇರ್ಲಿಲ್ಲ ಕಣಕ್ಕ."

ಶೋಭಿತಾ ಹಗ್ಗದ ಗಂಟು ಮುಟ್ಟಿ ನೋಡುತ್ತಾ ಕೇಳಿದಳು: "ಮತ್ತೆ ಅವ್ವಂಗೆ ಯಾಕೆ ಹೇಳ್ಲಿಲ್ಲ ನೀನು?"

"ನೀನೇ ಹೇಳ್ತೀಯ ಅಂದ್ಕಂಡೆ."

ಬೆಲ್ಲ ಬಿಸ್ಕತ್ತಿನ ಪುಡಿ ನೆಕ್ಕಿ ಮುಗಿಸಿ, ಇನ್ನೂ ಇದೆಯೇನೋ ಅಂತ ಶೋಭಿತಾಳ ಕೈ ಮೂಸಿತು. ಅವಳು ಎದ್ದಳು.

ಸಣ್ಣಕ್ಕಜ್ಜಿ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಶೋಭಿತಾ ಎದುರಿಗೆ ಹೋಗಿ ನಿಂತಳು. ಒಂದೇ ಉಸಿರಿಗೆ ಹೇಳಿದಳು: "ಅಜ್ಜಿ, ನಿಮ್ಮ ನಾಯಿ ಅಡ್ಡ ಬರ್ಲಿಲ್ಲ. ನಾನೇ ಜಾಸ್ತಿ ಮಣ್ಣು ಹೇರ್ಕಂಡು ಬಿದ್ದಿದ್ದು."

ಅಜ್ಜಿಯ ಕೈ ನಿಂತಿತು. "ಏನಂದೆ? ಆ ಮೂಗಬಸವನ್ನ ಕಟ್ಟಾಕಿ ಗೋಳುಯ್ಕಂಡ್ನಲ್ಲ ನಾನು! ನಿಮ್ಮವ್ವನ ಕೈಲಿ ಬೀದೀಲಿ ನಿಂತ್ಕಂಡು ಬೈಸ್ಕಂಡ್ನಲ್ಲ!" ಅಂತ ಶುರು ಮಾಡಿದವಳು ಬಹಳ ಹೊತ್ತು ನಿಲ್ಲಿಸಲಿಲ್ಲ. ಶೋಭಿತಾ ತಲೆ ತಗ್ಗಿಸಿ ನಿಂತೇ ಇದ್ದಳು. ಕೊನೆಗೆ ಅಜ್ಜಿ, "ಓಗು, ನೀನೇ ಬಿಚ್ಚೋಗು," ಅಂದಳು.

ಗಂಟು ಗಟ್ಟಿಯಾಗಿತ್ತು. ಉಗುರು ಮುರಿಯಿತು. ಭೀಮನೂ ಕೈ ಹಾಕಿದ. ಹಗ್ಗ ಬಿಚ್ಚಿಕೊಂಡಿದ್ದೇ ತಡ, ಬೆಲ್ಲ ಇಬ್ಬರನ್ನೂ ಬಿಟ್ಟು ಬೀದಿಯ ಆ ತುದಿಗೆ ಓಡಿತು.

ಅವ್ವನಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಅವ್ವ ಹೊಡೆಯಲಿಲ್ಲ. ಮುದ್ದೆಕೋಲು ಪಕ್ಕಕ್ಕಿಟ್ಟು, ಕೈ ತೊಳೆದುಕೊಂಡು, ಎದುರುಮನೆಗೆ ಹೋದಳು. ಅಲ್ಲಿ ಏನು ಮಾತಾಯಿತೋ. ವಾಪಸ್ಸು ಬರುವಾಗ ಮಡಿಲಲ್ಲಿ ಒಂದಿಷ್ಟು ಅವರೆಕಾಯಿ ಇತ್ತು. ಅದನ್ನು ಶೋಭಿತಾಳ ಮುಂದೆ ಸುರಿದು, "ಸುಲಿ," ಅಂದಳು. ಅಷ್ಟೇ.

ಬೆಳಿಗ್ಗೆ ಶೋಭಿತಾ ಬ್ಯಾಗು ಕಟ್ಟಿ ತಿರುಗುವಷ್ಟರಲ್ಲಿ ಭೀಮ ಬಂದು ನಿಂತಿದ್ದ. ರಬ್ಬರ್ ಪಟ್ಟಿಯನ್ನು ತಾನೇ ಒಂದು ಸಲ ಎಳೆದು ನೋಡಿದ. ಆಮೇಲೆ ಹಿಂದಕ್ಕೆ ಹೋಗಿ ಹತ್ತಿ ಕೂತ.

ಸೈಕಲ್ಲು ಕೆರೆ ದಾಟಿತು. ಇಳಿಜಾರು ಶುರುವಾಗುವ ಕಡೆ ಶೋಭಿತಾ ಸೈಕಲ್ ನಿಲ್ಲಿಸಿ ಇಳಿದಳು.

"ಯಾಕಕ್ಕ ಇಳಿದೆ?"

"ತಳ್ಕಂಡು ಓಗಾಣ. ನಿಂಗೆ ಭಯ ಆಗ್ತದಲ್ಲ."

"ಯಾರ್ ಹೇಳಿದ್ದು ಭಯ ಅಂತ?" ಭೀಮನಿಗೆ ಆಶ್ಚರ್ಯವೇ ಆಯಿತು. "ನಂಗ್ಯಾವತ್ತೂ ಭಯ ಆಗಿಲ್ಲ. ಹತ್ತು ಅಕ್ಕ, ಲೇಟಾಗ್ತೈತೆ."

ಶೋಭಿತಾ ತಿರುಗಿ ನೋಡಿದಳು. ಅವನು ಕಾಲು ಆಡಿಸುತ್ತಾ, ಬ್ಯಾರನ್ನಿನ ಮುಂದೆ ಮೇಯುತ್ತಿದ್ದ ಕೋಳಿಮರಿಗಳನ್ನು ನೋಡುತ್ತಿದ್ದ. ಅವನು ನಡೆದುಕೊಂಡು ಬಂದದ್ದು ಭಯಕ್ಕಲ್ಲ ಅಂತ ಅವಳಿಗೆ ಆಗ ಹೊಳೆಯಿತು. ಸೀಟಿನ ಮೇಲೆ ಕೂತು, ಎರಡೂ ಬ್ರೇಕಿನ ಮೇಲೆ ಬೆರಳಿಟ್ಟು, ಸೈಕಲ್ಲನ್ನು ನಿಧಾನವಾಗಿ ಕೆಳಕ್ಕೆ ಬಿಟ್ಟಳು.