ಹನ್ನೆರಡನೇ ಬೀಗ

ಸಮುದ್ರದಡಿಗೆ ಇಳಿಯುವ ಡೈವರ್ ಬರೆದ ದಿನದ ಹಾಳೆಯಲ್ಲಿ ಹನ್ನೆರಡನ್ನು ಉಜ್ಜಿ ಹನ್ನೊಂದು ಮಾಡಿದ್ದು ಪುರಾತತ್ವ ಲ್ಯಾಬಿನಲ್ಲಿ ಅವಳ ಕಣ್ಣಿಗೆ ಬಿದ್ದದ್ದು ಮಂಗಳವಾರ ಬೆಳಿಗ್ಗೆ. ರಬ್ಬರಿಗೆ ಪೆನ್ಸಿಲ್ ಅಳಿದಿತ್ತು, ಒತ್ತಿ ಬರೆದ ಗುರುತು ಅಳಿದಿರಲಿಲ್ಲ.

ವಸಾಹತು ಕಾಲದಲ್ಲಿ ಮುಳುಗಿದ ವ್ಯಾಪಾರಿ ಹಡಗಿನಿಂದ ಅವನು ಎತ್ತಿ ತರುತ್ತಿದ್ದದ್ದು ಕಬ್ಬಿಣದ ಬೀಗಗಳನ್ನು. ತುಕ್ಕು, ಚಿಪ್ಪು, ಮರಳು ಮೆತ್ತಿಕೊಂಡು ಒಂದೊಂದೂ ಉಂಡೆಯಾಗಿತ್ತು. ಅವನ್ನು ಸಿಹಿನೀರಿನ ತೊಟ್ಟಿಯಲ್ಲಿಟ್ಟು ಉಪ್ಪು ಬಿಡಿಸುವುದು ಅವಳ ಕೆಲಸ. ತೊಟ್ಟಿಯಲ್ಲಿ ಇದ್ದದ್ದು ಹನ್ನೊಂದು ಉಂಡೆ.

ಸಂಜೆ ನಾಲ್ಕರೊಳಗೆ ಲೆಕ್ಕದ ವರದಿ ಬೇಕು ಎಂದಿದ್ದರು ಲ್ಯಾಬಿನ ಮುಖ್ಯಸ್ಥೆ. ಒಂದು ವಸ್ತು ಕಾಣೆಯಾದರೂ ಆ ಡೈವರ್ ಮತ್ತೆ ನೀರಿಗಿಳಿಯುವಂತಿರಲಿಲ್ಲ.

ಲ್ಯಾಬಿನವರು ಅವನನ್ನು ನೀರುಕಾಗೆ ಎನ್ನುತ್ತಿದ್ದರು. ಒದ್ದೆ ಕೂದಲಿನಲ್ಲೇ ಬಂದು ಬಾಗಿಲಿಗೆ ಒರಗಿ ನಿಲ್ಲುತ್ತಿದ್ದ. ತೊಟ್ಟಿ ನೋಡುವ ನೆಪದಲ್ಲಿ ಅವಳನ್ನು ನೋಡುತ್ತಾನೆ ಎಂದು ಮೂರು ವಾರದಿಂದ ಅಂದುಕೊಂಡಿದ್ದಳು. ಈಗ ಅನಿಸಿತು, ನೋಡಿದ್ದು ತೊಟ್ಟಿಯನ್ನೇ ಇರಬೇಕು.

ಅಕ್ಕನಿಗೆ ಫೋನಿನಲ್ಲಿ ಎಲ್ಲ ಹೇಳಿದರೆ, ಅವಳು ಬೀಗದ ವಿಷಯ ಬಿಟ್ಟು ಅವನಿಗೆ ಮದುವೆಯಾಗಿದೆಯಾ ಎಂದು ಕೇಳಿದಳು. "ಬರೀ ಅನುಮಾನ ಆಗಿದ್ರೆ ನೀನು ಇಷ್ಟು ಹೊತ್ತಿಗೆ ವರದಿ ಬರೆದು ಊಟಕ್ಕೆ ಹೋಗಿರ್ತಿದ್ದೆ ಕಣೇ."

ಊಟಕ್ಕೆ ಹೋಗಲಿಲ್ಲ. ಒಂದೊಂದೇ ಉಂಡೆಯನ್ನು ಎಕ್ಸ್‌ರೇ ಯಂತ್ರದಡಿ ಇಟ್ಟಳು. ಒಂಬತ್ತನೆಯದರಲ್ಲಿ ಎರಡು ಬೀಗ ಬೆನ್ನಿಗೆ ಬೆನ್ನು ಹಚ್ಚಿ ಮಲಗಿದ್ದವು.

ಅವನನ್ನು ಕರೆಸಿ ಚಿತ್ರ ತೋರಿಸಿದಳು. ಸಮುದ್ರದ ಅಡಿಯಲ್ಲಿ ಕೆಸರು, ಕಣ್ಣಿಗೇನೂ ಕಾಣದು, ಬೆರಳಿಗೆ ಸಿಕ್ಕ ಬೀಗದ ಕೊಂಡಿಗಳನ್ನು ಎಣಿಸಿ ಹನ್ನೆರಡು ಎಂದು ಬರೆದೆ ಎಂದ. ಅವಳು ಎಣಿಸಿದ್ದು ಉಂಡೆಗಳನ್ನು.

"ಸರಿಯಾಗೇ ಬರೆದಿದ್ರಿ. ಮತ್ಯಾಕೆ ತಿದ್ದಿದ್ರಿ?"

ಅವನು ಕಿವಿಯಲ್ಲಿ ನೀರು ಹೊಕ್ಕವನಂತೆ ತಲೆ ಓರೆ ಮಾಡಿದ. "ತೊಟ್ಟೀಲಿ ಹನ್ನೊಂದೇ ಇತ್ತು. ಈ ಕೋಣೆ ಕೀ ಇರೋದು ನಿಮ್ಮೊಬ್ಬರ ಹತ್ರ."

ಅವಳು ಎಕ್ಸ್‌ರೇ ಚಿತ್ರ ಕೆಳಗಿಟ್ಟಳು. "ನಾನು ಕದ್ದೆ ಅಂತ?"

"ಅಂದ್ಕೊಂಡೆ."

"ಕಳ್ಳಿ ಅಂದ್ಕೊಂಡೂ ಕಾಪಾಡೋಕೆ ಹೊರಟ್ರಾ?"

"ನಿಮ್ಮನ್ನ ಕೆಲಸದಿಂದ ಕಳಿಸಿಬಿಟ್ರೆ ನಾನು ಯಾವ ಬಾಗಿಲಿಗೆ ಒರಗಲಿ?" ನಗಲಿಲ್ಲ ಅವನು. "ನೀವು ನನ್ನನ್ನ ಏನಂದ್ಕೊಂಡ್ರಿ?"

"ಕಳ್ಳ ಅಂತಲೇ." ಮುಖ ಬಿಸಿಯಾಯಿತು. "ಆದ್ರೂ ಬೆಳಿಗ್ಗೆಯಿಂದ ಉಪವಾಸ ಎಕ್ಸ್‌ರೇ ತೆಗೀತಾ ಕೂತಿದ್ದೀನಿ. ಕಳ್ಳನಿಗೋಸ್ಕರ ಯಾರೂ ಇಷ್ಟು ದುಡಿಯಲ್ಲ."

ಅವನ ಕಣ್ಣು ಈಗ ತೊಟ್ಟಿಯ ಕಡೆ ಹೋಗಲೇ ಇಲ್ಲ.

ಅವಳು ವರದಿಯನ್ನು ಎಳೆದುಕೊಂಡಳು. ಹಾಳೆ ತಿದ್ದಿದ್ದೂ ತಪ್ಪೇ, ಅದನ್ನೂ ಬರೆಯುತ್ತೇನೆ ಎಂದಳು. ಬರೀರಿ ಎಂದ. ಹನ್ನೆರಡು ಬೀಗ, ಯಾವುದೂ ಕಾಣೆಯಾಗಿಲ್ಲ ಎಂದು ಬರೆದಳು. ಅಂಕಿ ತಿದ್ದಲಾಗಿದೆ ಎಂದು ಬರೆದಳು. 'ಕಾರಣ' ಎಂಬಲ್ಲಿಗೆ ಬಂದು ಪೆನ್ನು ನಿಂತಿತು.

ನಾಲ್ಕಕ್ಕೆ ಐದು ನಿಮಿಷವಿತ್ತು. ಜಾಗ ಖಾಲಿ ಬಿಟ್ಟು ಎದ್ದು, ಅವನ ಒದ್ದೆ ತೋಳು ಹಿಡಿದಳು.

"ಈ ಕಾರಣ ನಾನು ಬರೆಯಲ್ಲ. ಮೇಡಂ ಮುಂದೆ ನೀನೇ ಬಾಯಿಬಿಟ್ಟು ಹೇಳು. ನಾನೂ ಪಕ್ಕದಲ್ಲೇ ಇರ್ತೀನಿ."