ಹನ್ನೆರಡನೇ ಮೆಟ್ಟಿಲಿನ ಸುನಂದ

ಫೆಬ್ರವರಿ 9, ಸೋಮವಾರ. ಬೆಳಿಗ್ಗೆ 10.20ಕ್ಕೆ ಮಾಲೂರು ಪೊಲೀಸ್ ಠಾಣೆಗೆ ಬಂದ ಸುನಂದ, ವಯಸ್ಸು ನಲವತ್ತೊಂದು, ದೂರನ್ನು ಮನೆಯಲ್ಲೇ ಬರೆದು ತಂದಿದ್ದಳು. ಅಕ್ಷರ ದುಂಡಗಿತ್ತು, ಎರಡು ಕಡೆ ಹೊಡೆದುಹಾಕಿ ತಿದ್ದಿತ್ತು.

‘ಹನ್ನೆರಡನೇ ಮೆಟ್ಟಿಲು’ ಎಂಬ ಟೀವಿ ಸ್ಪರ್ಧೆಯಲ್ಲಿ ಹಿಂದಿನ ಬುಧವಾರ ಒಬ್ಬ ಹೆಂಗಸು ಹನ್ನೆರಡೂ ಪ್ರಶ್ನೆಗೆ ಉತ್ತರಿಸಿದ್ದಳು. ಆರು ವರ್ಷದಲ್ಲಿ ಇದೇ ಮೊದಲು ಎಂದು ಮರುದಿನ ಪತ್ರಿಕೆಗಳೂ ಬರೆದಿದ್ದವು. ಪರದೆಯ ಮೇಲೆ ಬಂದದ್ದು ‘ಸುನಂದ, ಬಿ.ಎ., ಕೋಲಾರ ಜಿಲ್ಲೆ’. ನಿರೂಪಕ ಹೇಳಿದ ಕಾಲೇಜು, ಪಾಸಾದ ವರ್ಷ ಎರಡೂ ದೂರುದಾರಳವೇ. ಮುಖ ಮಾತ್ರ ಬೇರೆ. ಗಾಬರಿಯಿಂದ ಪೆಟ್ಟಿಗೆ ತೆಗೆದು ನೋಡಿದರೆ ಪದವಿ ಪ್ರಮಾಣಪತ್ರವೂ ಹಳೆಯ ವೋಟರ್ ಕಾರ್ಡೂ ಇರಲಿಲ್ಲ.

ಇನ್ಸ್‌ಪೆಕ್ಟರ್ ಮುರಳಿಮೋಹನ್ ದೂರನ್ನು ಎರಡು ಸಲ ಓದಿ, ಹಳೆಯ ಕಾಗದಕ್ಕೆ ಇಷ್ಟು ಆತುರವೇಕೆ ಎಂದು ಕೇಳಿದರು.

“ಹದಿನೆಂಟನೇ ತಾರೀಖು ಕೋಲಾರದಲ್ಲಿ ಮೂಲ ದಾಖಲೆ ತೋರಿಸ್ಬೇಕು ಸಾರ್. ಪಂಚಾಯಿತಿ ಲೈಬ್ರರಿ ಕೆಲಸ. ವಯಸ್ಸಿನ ಮಿತಿ ಮುಗೀತಾ ಬಂತು, ಇನ್ನೊಂದ್ಸಲ ಕರೆಯಲ್ಲ.”

“ಪೆಟ್ಟಿಗೆ ಯಾವತ್ತಾದ್ರೂ ಮನೆ ಬಿಟ್ಟು ಹೋಗಿತ್ತಾ?”

“ಇಲ್ಲ ಸಾರ್. ಮದುವೆ ಆದಾಗಿಂದ ತವರಲ್ಲೇ ಇತ್ತು, ಹುತ್ತೂರಲ್ಲಿ. ದಸರೆಗೆ ಹೋದಾಗ ಇಲ್ಲಿಗೆ ತಂದ್ಕೊಂಡೆ.”

ಇಪ್ಪತ್ತು ವರ್ಷ ತವರಿನಲ್ಲೇ ಬಿಟ್ಟಿದ್ದ ಪದವಿ. ಈಗ ಅದಿಲ್ಲದೆ ತಾನು ಓದಿದವಳೆಂದು ನಂಬಿಸುವುದು ಹೇಗೆಂದು ಅವಳಿಗೇ ತಿಳಿಯದು. ದೂರು ಕೊಡಲು ಬರುವಾಗಲೂ ಗಂಡ ವೆಂಕಟ್, ಆ ಕಾಗದ ಇದ್ದಾಗ ಏನು ಮಾಡಿದೆ ಎಂದು ನಕ್ಕಿದ್ದ. ಇದನ್ನು ಅವಳು ದೂರಿನಲ್ಲಿ ಬರೆದಿರಲಿಲ್ಲ. ಆಮೇಲೆ ಹೆಡ್ ಕಾನ್‌ಸ್ಟೆಬಲ್ ಅಖ್ತರ್ ಬಾನು ಚಹಾ ತರಿಸಿಕೊಟ್ಟಾಗ ಹೇಳಿದಳು.

11.45ಕ್ಕೆ ಎಫ್‌ಐಆರ್ ದಾಖಲಾಯಿತು: ಕಳವು, ಮತ್ತು ಬೇರೊಬ್ಬರಂತೆ ನಟಿಸಿ ವಂಚನೆ. ಸ್ಪರ್ಧಿಯ ವಿಳಾಸ, ಫೋನ್ ನಂಬರ್ ಕೇಳಿದಾಗ ವಾಹಿನಿಯ ಕಚೇರಿ ಪತ್ರ ಬರೆಯಿರಿ, ವಕೀಲರು ನೋಡಬೇಕು, ಹತ್ತು ದಿನವಾಗುತ್ತದೆ ಎಂದಿತು. ಹತ್ತು ದಿನ ಎಂದರೆ ಹದಿನೆಂಟು ದಾಟುತ್ತದೆ. ಬಹುಮಾನ ಪಡೆಯಲು ಸ್ಪರ್ಧಿ ಇನ್ನೂ ಬ್ಯಾಂಕ್ ಖಾತೆ ಕೊಟ್ಟಿಲ್ಲ, ಎರಡು ಸಲ ನೆನಪಿಸಿದರೂ ಉತ್ತರವಿಲ್ಲ ಎಂಬುದನ್ನು ಮಾತ್ರ ಅವರು ಬಾಯಿಮಾತಿನಲ್ಲಿ ತಿಳಿಸಿದರು. ಮುರಳಿಮೋಹನ್ ಅದನ್ನು ಡೈರಿಯಲ್ಲಿ ಬರೆದು ಕೆಳಗೆ ಗೆರೆ ಎಳೆದರು. ಹಣ ಬೇಡದ ವಂಚಕಿ ಅವರಿಗೆ ಹೊಸಬಳು.

ಎರಡು ದಿನ ಮಾಲೂರಿನ ಜೆರಾಕ್ಸ್ ಅಂಗಡಿ, ಸುನಂದಳ ಅಕ್ಕಪಕ್ಕದ ಮನೆಗಳಲ್ಲಿ ವಿಚಾರಣೆ ನಡೆಯಿತು. ಏನೂ ಸಿಗಲಿಲ್ಲ. 11ರ ಮಧ್ಯಾಹ್ನ ಅಖ್ತರ್ ಬಾನು ಆ ಸಂಚಿಕೆಯನ್ನು ಮೊಬೈಲಿನಲ್ಲಿ ಮತ್ತೆ ಹಾಕಿಕೊಂಡು ಕೂತರು. ನಲವತ್ತರ ಆಸುಪಾಸಿನ ಹೆಂಗಸು, ನೀಲಿ ಸೀರೆ. ವೇದಿಕೆ ಹತ್ತುವ ಮುನ್ನ ಚಪ್ಪಲಿ ಬಿಟ್ಟಳು. ಮೆಟ್ಟಿಲ ಬಳಿಯ ಮ್ಯಾಟಿನ ಮೇಲೆ ಎರಡೂ ಪಾದ ಒತ್ತಿ, ಒಂದು ಕ್ಷಣ ನಿಂತು, ಆಮೇಲೆ ನಡೆದಳು. ನಿರೂಪಕ ನಕ್ಕ, ಜನರೂ ನಕ್ಕರು. ಮನೆಯಲ್ಲಿ ಏನು ಮಾಡುತ್ತೀರಿ ಎಂದು ಅವನು ಕೇಳಿದ್ದಕ್ಕೆ ರೇಷ್ಮೆಹುಳು ಸಾಕುತ್ತೇವೆ, ಎರಡನೇ ಜ್ವರ ದಾಟಿದ ಮೇಲೆ ಕೊಟ್ಟುಬಿಡುತ್ತೇವೆ ಎಂದಳು.

ಅಖ್ತರ್ ಬಾನು ಫೋನನ್ನು ಇನ್ಸ್‌ಪೆಕ್ಟರ್ ಮೇಜಿನ ಮೇಲಿಟ್ಟರು. ಅಖ್ತರ್ ಬಾನು ಅವರ ತಂದೆ ಮುಳಬಾಗಿಲಿನಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದವರು.

“ಇವ್ಳು ರೈತರ ಮನೆಯೋಳಲ್ಲ ಸಾರ್. ಎರಡನೇ ಜ್ವರ ದಾಟಿದ ಹುಳನ ರೈತರು ತರ್ತಾರೆ, ಕೊಡಲ್ಲ. ಕೊಡೋರು ಚಾಕಿ ಕೇಂದ್ರದೋರು.”

“ಚಾಕಿ ಅಂದ್ರೆ?”

“ಮರಿಹುಳ ಸಾಕೋ ಜಾಗ. ಹುಳ ಎರಡು ಸಲ ಪೊರೆ ಬಿಡೋವರ್ಗೂ ಅಲ್ಲೇ. ಪೊರೆ ಬಿಡೋದಕ್ಕೇ ಜ್ವರ ಅಂತಾರೆ. ಬಾಗಿಲಲ್ಲಿ ಔಷಧಿ ನೀರಲ್ಲಿ ನೆನೆಸಿದ ಗೋಣಿ ಹಾಸಿರ್ತಾರೆ, ಎರಡೂ ಕಾಲು ಒತ್ತಿ ಒಳಗೆ ಹೋಗ್ಬೇಕು. ವರ್ಷಗಟ್ಲೆ ಮಾಡಿದ ಕಾಲು ಸಾರ್, ಟೀವಿ ಅಂತ ಬಿಡ್ತದಾ?”

ಪೆಟ್ಟಿಗೆ ಇದ್ದ ಹುತ್ತೂರಿನಲ್ಲೂ ಒಂದು ಚಾಕಿ ಕೇಂದ್ರವಿತ್ತು.

12ರಂದು ಬೆಳಿಗ್ಗೆ 9.30ಕ್ಕೆ ಇಬ್ಬರೂ ಸುನಂದಳ ತವರಿಗೆ ಹೋದರು. ಹುಳು ಹಣ್ಣಾಗಿ ಗೂಡು ಕಟ್ಟುವ ವಾರ. ಮನೆಯ ಎರಡೂ ಕೋಣೆಯಲ್ಲಿ ನೆಲದಿಂದ ಸೂರಿನವರೆಗೆ ಹುಳುವಿನ ತಟ್ಟೆಗಳು. ಕಾಲಿಡಲು ಜಾಗವಿಲ್ಲ. ಪಕ್ಕದ ಮನೆಯ ಜಗಲಿಯ ಮೇಲೆ ಬೀರು, ಟೀವಿ, ಹಾಸಿಗೆಯ ಸುರುಳಿ, ಅಕ್ಕಿಯ ಡ್ರಮ್ಮು ಪೇರಿಸಿಟ್ಟಿದ್ದವು. ಅವು ಯಾರವು ಎಂದು ಅಖ್ತರ್ ಬಾನು ಕೇಳಿದರು. ಸುನಂದಳ ತಾಯಿ ಶ್ಯಾಮಲಮ್ಮ, ನಮ್ಮವೇ, ಪ್ರತಿ ಬೆಳೆಯಲ್ಲೂ ಹತ್ತು ದಿನ ಸಾಮಾನು ಅಲ್ಲಿರುತ್ತದೆ ಎಂದರು. ಸುನಂದಳ ಪೆಟ್ಟಿಗೆಯೂ ಹೋಗುತ್ತಿತ್ತೇ? ಹೋಗದೆ ಇನ್ನೆಲ್ಲಿಡುವುದು? ಅದನ್ನು ಮನೆ ಬಿಟ್ಟು ಹೋದ ಸಾಮಾನು ಎಂದು ಆ ಬೀದಿಯಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಸುನಂದಳೂ ಹಿಡಿದಿರಲಿಲ್ಲ.

ಮೊಬೈಲಿನ ಚಿತ್ರ ತೋರಿಸಿದ್ದೇ ತಡ ಶ್ಯಾಮಲಮ್ಮನ ಮುಖ ಅರಳಿತು.

“ನಮ್ಮ ಮುನಿಗಂಗಮ್ಮ ಅಲ್ವಾ! ಇದೇ ಪಕ್ಕದ ಮನೇಲಿ ಬಾಡಿಗೆಗಿದ್ಳು, ಚಾಕಿ ಕೇಂದ್ರಕ್ಕೆ ಹೋಗೋಳು. ಬೀದಿಯೋರೆಲ್ಲ ನೋಡಿದ್ವಿ.”

“ಹೆಸರು ಸುನಂದ ಅಂತ ಬಂತಲ್ಲಮ್ಮ?”

“ಟೀವಿಯೋರು ಹೆಸ್ರು ಬದಲಾಯಿಸ್ತಾರಲ್ವಾ ಸಾರ್. ಸೀರಿಯಲ್ಲಲ್ಲಿ ಯಾರಿಗೆ ಸ್ವಂತ ಹೆಸರಿರ್ತದೆ? ನನ್ನ ಮಗಳ ಹೆಸರೇ ಇಟ್ಕೊಂಡವ್ಳೆ ಅಂತ ಸಕ್ಕರೆ ಹಂಚ್ದೆ. ಸುನಂದಂಗೆ ಫೋನ್ ಮಾಡೋಣ ಅಂದ್ರೆ ಈ ಹುಳ ಬಿಟ್ರೆ ತಾನೆ.”

ಮುರಳಿಮೋಹನ್ ನಡೆದದ್ದನ್ನು ತಿಳಿಸಿದರು. ಹೇಳಿಕೆ ಬರೆದುಕೊಂಡು ಸಹಿ ಹಾಕಿಸಿಕೊಂಡರು. ಹೊರಡುವಾಗ ಶ್ಯಾಮಲಮ್ಮ ಅಖ್ತರ್ ಬಾನುವಿನ ಕೈ ಹಿಡಿದು, ಅವಳನ್ನು ಹೊಡೆಯಬೇಡಿ ಎಂದರು.

ಮುನಿಗಂಗಮ್ಮ ಜನವರಿಯಲ್ಲೇ ಮನೆ ಖಾಲಿ ಮಾಡಿ ಕುರುಡುಮಲೆಯ ತಂಗಿಯ ಮನೆಗೆ ಹೋಗಿದ್ದಳು. 13ರ ಮಧ್ಯಾಹ್ನ 2.50ಕ್ಕೆ ಪೊಲೀಸರು ಅಲ್ಲಿಗೆ ಹೋದಾಗ ಹಿತ್ತಲಲ್ಲಿ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದಳು. ಎದ್ದು ಕೈ ತೊಳೆದುಕೊಂಡಳು. ಗೋಡೆಗೂಡಿನಿಂದ ತೆಗೆದುಕೊಟ್ಟ ಕಟ್ಟಿನಲ್ಲಿ ಪ್ರಮಾಣಪತ್ರ ಮೂರು ಸುತ್ತು ಮೇಣದ ಕಾಗದದೊಳಗೆ, ತೇವ ತಾಗದಂತೆ, ಒಂದು ಮಡಿಕೆಯೂ ಇಲ್ಲದೆ ಇತ್ತು. ಜೊತೆಗೆ ವೋಟರ್ ಕಾರ್ಡು. ಅದರಲ್ಲಿದ್ದ ಮಾಸಲು ಫೋಟೋ ಯಾರದಾದರೂ ಆಗಬಹುದಿತ್ತು. ಇಬ್ಬರು ಪಂಚರ ಮುಂದೆ ಪಂಚನಾಮೆ ನಡೆಯಿತು. 3.40ಕ್ಕೆ ಬಂಧನ.

ಅಂದೇ ಮುರಳಿಮೋಹನ್ ಪ್ರಮಾಣಪತ್ರವನ್ನು ಮುಚ್ಚಳಿಕೆಯ ಮೇಲೆ ಬಿಡಿಸಿಕೊಳ್ಳಲು ಸುನಂದಳಿಂದ ಅರ್ಜಿ ಬರೆಸಿದರು. 17ರಂದು ನ್ಯಾಯಾಲಯ ಒಪ್ಪಿತು. 18ರಂದು ಕೋಲಾರದಲ್ಲಿ ಅವಳ ಹೆಸರು ಕೂಗಿದಾಗ ಕಾಗದ ಅವಳ ಕೈಯಲ್ಲಿತ್ತು. ಸರದಿಗೆ ಕಾಯುತ್ತ ಅವಳು ಮನಸ್ಸಿನಲ್ಲೇ ಆ ಹನ್ನೆರಡು ಪ್ರಶ್ನೆಗಳನ್ನು ತನಗೆ ಕೇಳಿಕೊಂಡಿದ್ದಳು. ನಾಲ್ಕನೇ ಪ್ರಶ್ನೆಗೇ ಸೋತಿದ್ದಳು.

ಬಂಧನದ ದಿನ ಸಂಜೆ ಠಾಣೆಯಲ್ಲಿ ಹೇಳಿಕೆ ಬರೆದುಕೊಂಡವರು ಅಖ್ತರ್ ಬಾನು. ಆಗಸ್ಟಿನ ಬೆಳೆಯಲ್ಲಿ ಪೆಟ್ಟಿಗೆ ಬಂದಾಗ ಬೀಗವಿರಲಿಲ್ಲ ಎಂದಳು ಮುನಿಗಂಗಮ್ಮ. ಸ್ಪರ್ಧೆ ಪದವಿ ಓದಿದ ಗೃಹಿಣಿಯರಿಗೆ ಮಾತ್ರ. ಇವಳದು ಏಳನೇ ಕ್ಲಾಸು. ಮುಂದಿನ ಬೆಳೆಗೆ ಪೆಟ್ಟಿಗೆ ಮತ್ತೆ ತನ್ನ ಮನೆಗೇ ಬರುತ್ತದೆ, ಆಗ ತೆಗೆದ ಎರಡೂ ಕಾಗದ ಅದರಲ್ಲೇ ಇಟ್ಟುಬಿಡೋಣ ಎಂದುಕೊಂಡಿದ್ದಳು. ಆದರೆ ದಸರೆಗೆ ಬಂದ ಸುನಂದ ಪೆಟ್ಟಿಗೆಯನ್ನೇ ಒಯ್ದಳು.

ಉತ್ತರಗಳು ಹೇಗೆ ಗೊತ್ತಿದ್ದವು ಎಂದು ಮುರಳಿಮೋಹನ್ ಕೇಳಿದರು. ತಟ್ಟೆಗೆ ಹಾಸಲು ಹಳೆಯ ಪೇಪರು ಮೂಟೆಗಟ್ಟಲೆ ಬರುತ್ತಿತ್ತು. ಹಾಸುವ ಮುನ್ನ ಓದುತ್ತಿದ್ದಳು, ಹದಿನೇಳು ವರ್ಷ.

“ಬಹುಮಾನ ಯಾಕೆ ತಗೊಳ್ಳಲಿಲ್ಲ?”

“ಅದು ಅವ್ರ ಹೆಸರಿಗೆ ಬಂದಿದ್ದು ಸಾರ್.”

“ಮತ್ತೆ ಯಾಕಮ್ಮ ಹೋದೆ?”

“ಅಡುಗೆ ಆಯ್ತಾ ಅಂತ ಕೇಳ್ತಾರೆ, ಸೊಪ್ಪು ಹಾಕ್ದಾ ಅಂತ ಕೇಳ್ತಾರೆ. ನಿಂಗಿದು ಗೊತ್ತಾ ಅಂತ ಯಾರೂ ಕೇಳಿಲ್ಲ ಸಾರ್. ಒಂದ್ಸಲ ಕೇಳಿಸ್ಕೋಬೇಕು ಅನ್ನಿಸ್ತು. ಕೊನೇಲಿ ಎಲ್ರೂ ಎದ್ದು ಸುನಂದಾ ಸುನಂದಾ ಅಂತ ಕೂಗಿದ್ರು. ನಾನು ಹಿಂದಕ್ಕೆ ತಿರುಗಿ ನೋಡ್ದೆ, ಯಾರು ಬಂದ್ರು ಅಂತ.”

ಹೇಳಿಕೆ ಮೂರು ಪುಟವಾಯಿತು. ಅಖ್ತರ್ ಬಾನು ಓದಿ ಹೇಳಿದರು. ಮುನಿಗಂಗಮ್ಮ ಗಮನವಿಟ್ಟು ಕೇಳಿಸಿಕೊಂಡಳು. ಪೆನ್ನು ಕೊಟ್ಟಾಗ ಸಹಿ ಹಾಕದೆ ತಡೆದಳು.

“ಮೇಡಂ, ಹನ್ನೆರಡೂ ಸರಿ ಹೇಳಿದ್ದು ನಾನೇ ಅಂತ ಇದ್ರಲ್ಲಿ ಬರೀತೀರಾ?”

ತನಿಖೆಗೆ ಆ ಮಾತು ಬೇಕಿರಲಿಲ್ಲ. ಅಖ್ತರ್ ಬಾನು ಇನ್ಸ್‌ಪೆಕ್ಟರ್ ಮುಖ ನೋಡಿದರು. ಅವರು ಆಗಲಿ ಎಂದು ತಲೆಯಾಡಿಸಿದರು. ಕೊನೆಯ ಸಾಲಿನ ಕೆಳಗೆ ಇದ್ದ ಜಾಗದಲ್ಲಿ ಅಖ್ತರ್ ಬಾನು ಅದನ್ನು ಬರೆದರು. ಮುನಿಗಂಗಮ್ಮ ಅದರಡಿಯಲ್ಲಿ ತನ್ನ ಹೆಸರನ್ನು, ಅಕ್ಷರ ಬಿಡಿಸಿ, ನಿಧಾನವಾಗಿ ಬರೆದಳು.