ಹನ್ನೊಂದು ಜನರ ರಿಲೀವಿಂಗ್ ಲೆಟರ್

ಜೂನ್ 12, ಗುರುವಾರ ಬೆಳಗ್ಗೆ 10.40ಕ್ಕೆ ಖಾಸಗಿ ಎಂಜಿನಿಯರಿಂಗ್ ಕಾಲೇಜೊಂದರ ಕಾರ್ಯದರ್ಶಿ ಮಧ್ವೇಶ್, ಕೆಂಗೇರಿ ಉಪನಗರದ ಠಾಣೆಗೆ ದೂರು ತಂದರು. ಸಿಬ್ಬಂದಿಯ ಲಾಗಿನ್ ಖಾತೆಗಳೆಲ್ಲ ಇರುವ ಡೈರೆಕ್ಟರಿ ಸರ್ವರಿನಲ್ಲಿ ಯಾರೋ ಕೈಯಾಡಿಸಿ, ಹನ್ನೊಂದು ಜನರನ್ನು ‘ಸೇವೆಯಿಂದ ಬಿಡುಗಡೆ’ ಎಂದು ಬದಲಾಯಿಸಿದ್ದರು. ಬದಲಾದ ಕೂಡಲೇ ಅವರಿಗೆಲ್ಲ ರಿಲೀವಿಂಗ್ ಲೆಟರ್, ಅಚ್ಚಿನ ಸಹಿ ಸಮೇತ, ತಾನಾಗಿಯೇ ಹೋಗಿಬಿಟ್ಟಿತ್ತು. ರಾಜೀನಾಮೆ ಕೊಟ್ಟರೂ ಕಾಲೇಜು ಹಿಡಿದಿಟ್ಟುಕೊಂಡಿದ್ದ ಜನ ಇವರು. ಅವರ ಮೂಲ ಅಂಕಪಟ್ಟಿಗಳು ಕಾರ್ಯದರ್ಶಿಯ ಬೀರುವಿನಲ್ಲಿದ್ದವು.

“ಸಿಸ್ಟಮ್ ನೋಡ್ಕೊಳ್ಳೋ ಸೌಮ್ಯಶ್ರೀದೇ ಕೆಲಸ. ಯಾರು ಯಾವಾಗ ಏನು ಮಾಡಿದ್ರು ಅಂತ ಸರ್ವರ್ ಬರ್ಕೊಳ್ಳೋ ಲಾಗ್‌ನಲ್ಲಿ ನಿನ್ನೆ ಸಂಜೆ 4.20ಕ್ಕೆ ಅವಳ ಹೆಸರೇ ಇದೆ, ಹನ್ನೊಂದರಲ್ಲಿ ಅವಳೂ ಒಬ್ಬಳು. ಇವತ್ತೇ ಅರೆಸ್ಟ್ ಮಾಡಿ, ಮೇಡಂ.”

ಎಫ್‌ಐಆರ್ ದಾಖಲಾಯಿತು. 12.15ಕ್ಕೆ ಇನ್ಸ್‌ಪೆಕ್ಟರ್ ಕಲಾವತಿ, ಹೆಡ್ ಕಾನ್‌ಸ್ಟೇಬಲ್ ಬೈರಯ್ಯನೊಂದಿಗೆ ಕಾಲೇಜಿಗೆ ಬಂದು ಸೌಮ್ಯಶ್ರೀಯನ್ನು ಕೂರಿಸಿಕೊಂಡರು.

“ಪಾಸ್‌ವರ್ಡ್ ಯಾರಿಗೆ ಗೊತ್ತು?”

“ನನಗೊಬ್ಬಳಿಗೇ.”

“ನಿನ್ನೆ 4.20ಕ್ಕೆ ಎಲ್ಲಿದ್ರಿ?”

“ಲ್ಯಾಬಲ್ಲಿ. ಒಬ್ಬಳೇ ಇದ್ದೆ, ಮೇಡಂ.”

ಆಡಿದ ಒಂದೊಂದು ಮಾತೂ ತನ್ನ ಕೊರಳಿಗೇ ಸುತ್ತಿಕೊಳ್ಳುತ್ತಿದೆ ಎಂದು ಅವಳಿಗೆ ತಿಳಿಯುತ್ತಿತ್ತು. ಮನೆಯಲ್ಲಿ ಎಂಟು ತಿಂಗಳ ಮಗು. ಕಲಾವತಿಯ ಕರುಳು ಚುರುಕ್ಕೆಂದಿತು, ಆದರೆ ಕರುಳನ್ನು ಕೋರ್ಟು ಸಾಕ್ಷಿಯೆಂದು ಒಪ್ಪುವುದಿಲ್ಲ.

“ಬದಲಾಗಿರೋ ಒಂದು ಖಾತೆ ತೆಗೀರಿ.”

ಗ್ರಂಥಪಾಲಕಿ ಜಿ. ನೀಲಮ್ಮ. ಸರ್‌ನೇಮ್ ಕಾಲಂನಲ್ಲಿ ‘ಗಂಗಬೈರಪ್ಪ’ ಎಂದಿತ್ತು. ಸೌಮ್ಯಶ್ರೀ ಕಣ್ಣು ಕಿರಿದುಮಾಡಿದಳು.

“ಇದು ನಾನು ಹಾಕಿದ್ದಲ್ಲ. ಕಾಲಂ ಖಾಲಿ ಬಿಟ್ರೆ ಸರ್ವರ್ ಸೇವ್ ಮಾಡ್ಕೊಳ್ಳಲ್ಲ, ನಮ್ಮವರಿಗೆ ಸರ್‌ನೇಮ್ ಎಲ್ಲಿರುತ್ತೆ? ನಾನು ಎಲ್ಲರಿಗೂ ಒಂದು ಚುಕ್ಕಿ ಇಟ್ಟುಬಿಡ್ತೀನಿ.”

ಉಳಿದ ಇನ್ನೂರು ಖಾತೆಗಳಲ್ಲಿ ಚುಕ್ಕಿಯೇ ಇತ್ತು. ಈ ಹನ್ನೊಂದರಲ್ಲಿ ಮಾತ್ರ ಇನಿಶಿಯಲ್‌ಗಳನ್ನು ಪೂರ್ತಿ ಬಿಡಿಸಿ ಬರೆದಿತ್ತು. ಒಬ್ಬರಿಗೆ ಅಪ್ಪನ ಹೆಸರು, ಇನ್ನೊಬ್ಬರಿಗೆ ಊರಿನದು.

“ಇಷ್ಟು ವಿವರ ಸರ್ವಿಸ್ ರಿಜಿಸ್ಟರಲ್ಲಿ ಮಾತ್ರ ಇರುತ್ತೆ, ಮೇಡಂ,” ಎಂದ ಬೈರಯ್ಯ.

ರಿಜಿಸ್ಟರ್ ಇದ್ದದ್ದು ಸಿಬ್ಬಂದಿ ವಿಭಾಗದ ಸೂಪರಿಂಟೆಂಡೆಂಟ್ ಜಗನ್ನಾಥರ ಬಳಿ. 3.05ಕ್ಕೆ ಅವರ ವಿಚಾರಣೆ ನಡೆಯಿತು.

“ಸೌಮ್ಯಶ್ರೀ ಹೆರಿಗೆ ರಜೆಗೆ ಹೋದಾಗ ಸರ್ವರ್ ಯಾರು ನೋಡ್ಕೊಂಡ್ರು?”

“ನಾನೇ. ಪಾಸ್‌ವರ್ಡ್ ಚೀಟೀಲಿ ಬರ್ಕೊಟ್ಟಿದ್ಲು. ಮರ್ತಿರ್ಬೇಕು ಪಾಪ.”

“ನಿನ್ನೆ ಆ ಹನ್ನೊಂದು ಖಾತೆ ಬದಲಾಯಿಸುವಾಗ ಅವಳಿಟ್ಟ ಚುಕ್ಕಿ ಹಾಗೇ ಬಿಟ್ಟಿದ್ರೆ ನೀವು ಸಿಕ್ಕಿಬೀಳ್ತಿರ್ಲಿಲ್ವಲ್ಲ?”

“ಇಪ್ಪತ್ತಾರು ವರ್ಷ ಕಾಲಂ ತುಂಬಿದ ಕೈ, ಮೇಡಂ. ತಪ್ಪು ಅಂತ ಗೊತ್ತಿದ್ದೂ ಹಾಗೇ ಬಿಡೋಕೆ ಆಗ್ಲಿಲ್ಲ.”

“ಆ ಹುಡುಗಿ ಸಿಕ್ಕಿಹಾಕ್ಕೊಳ್ತಾಳೆ ಅಂತ ತೋಚಲಿಲ್ವಾ?”

“ಲಾಗ್ ಅನ್ನೋದು ಇದೆ ಅಂತಾನೇ ಗೊತ್ತಿರ್ಲಿಲ್ಲ. ನೀವು ಬಂದಾಗಿನಿಂದ, ನಿಜ ಹೇಳಿಬಿಡೋಣ ಅಂತ ಎರಡು ಸಲ ಕುರ್ಚಿ ಬಿಟ್ಟು ಎದ್ದೆ. ಮತ್ತೆ ಕೂತ್ಬಿಟ್ಟೆ.”

ಪಂಚನಾಮೆ ಮುಗಿಸಿ 5.30ಕ್ಕೆ ಜಗನ್ನಾಥರನ್ನು ಬಂಧಿಸಲಾಯಿತು. ಅವರ ಕಡತದಲ್ಲಿ ಅವರದೇ ಮೂರು ರಾಜೀನಾಮೆ ಪತ್ರಗಳು ಸಿಕ್ಕವು. ಮೂರರ ಮೇಲೂ ಕಾರ್ಯದರ್ಶಿ ‘ಸದ್ಯಕ್ಕೆ ಸಾಧ್ಯವಿಲ್ಲ’ ಎಂದು ಬರೆದಿದ್ದರು. ಮೊದಲನೆಯದಕ್ಕೆ ಆರು ವರ್ಷವಾಗಿತ್ತು. ಕಲಾವತಿ ಕಡತ ಮುಚ್ಚಲಿಲ್ಲ.

“ಅಷ್ಟು ಜನರನ್ನ ಬಿಡಿಸಿದ್ರಿ. ನಿಮ್ಮ ಹೆಸರು ಯಾಕೆ ಸೇರಿಸ್ಲಿಲ್ಲ?”

“ರಿಲೀವಿಂಗ್ ಲೆಟರ್ ಕೆಳಗೆ ಇರೋದು ನನ್ನ ಸಹಿ, ಮೇಡಂ,” ಎಂದರು ಜಗನ್ನಾಥ. “ನನಗೆ ನಾನೇ ಹೇಗೆ ಸಹಿ ಹಾಕ್ಕೊಳ್ಳಲಿ?”